ಸಿದ್ದಕ್ಕನ ‘ಆರಾಮ’

ಬೀಡಿ ಎಂಬ ಊರಿನ ಕುರುಬರ ಓಣಿಯ ಸಿದ್ದಕ್ಕನಿಗೆ ಬೈಗುಳ ಎಷ್ಟು ಗೊತ್ತಿದ್ದವೋ ದೇವರೇ ಬಲ್ಲ, ಆದರೆ ಸ್ವಂತ ದೇಹದ ಬಗ್ಗೆ ಆಡಲು ಅವಳ ಬಳಿ ಇದ್ದದ್ದು ಒಂದೇ ಮಾತು: ‘ಆರಾಮ ಅದೀನಿ.’ ಚೇಳು ಕುಟುಕಿದಾಗಲೂ ಅದೇ, ಗಂಡನನ್ನು ಮಣ್ಣು ಮಾಡಿ ಬಂದ ಸಂಜೆಯೂ ಅದೇ. ಬೇನೆಯನ್ನು ಬಾಯಿಬಿಟ್ಟು ಹೆಸರಿಸುವುದೆಂದರೆ ಅದಕ್ಕೆ ಮಣೆ ಹಾಕಿ ಕೂರಿಸಿದಂತೆ ಎಂಬುದು ಅವಳ ಶಾಸ್ತ್ರ. ಬೇಸಿಗೆಯಲ್ಲೂ ಹೆಗಲಿನಿಂದಿಳಿಯದ ಕಂಬಳಿ, ಮುಂದೆ ಕುರಿಯಿಲ್ಲದಿದ್ದರೂ ಕುರಿ ಕಾಯುವವರ ತಡೆತಡೆದ ನಡಿಗೆ, ಸಾಹೇಬನಿಗೂ ಜವಾನನಿಗೂ ಒಂದೇ ಏಕವಚನ.

ಹುಲ್ಲುಗಾವಲಿಗೆ ತಂತಿಬೇಲಿ ಬಿದ್ದ ವರ್ಷ ಖಾನಾಪುರದಲ್ಲಿ ನಾವು ಚಳವಳಿಯವರು ರಸ್ತೆ ತಡೆದು ಕೂತಾಗ ಲಾಠಿ ಮೊದಲು ಬಿದ್ದದ್ದು ಅವಳ ಹೆಗಲಿಗೆ. ಪೊಲೀಸ್ ವ್ಯಾನಿನಲ್ಲಿ ವಿಚಾರಿಸಿದರೆ, “ನಾ ಆರಾಮ ಅದೀನ್ರೋ. ಆ ಪೊಲೀಸಪ್ಪನ ಕೈ ನೋಡ್ರಿ, ಪಾಪ, ಉಳುಕಿರಬೇಕು” ಎಂದಳು. ವ್ಯಾನಿನ ತುಂಬ ನಗು. ಆಮೇಲೆ ಆ ಮಾತು ನಮ್ಮ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಸರಕಾಯಿತು.

ಇಸವಿ ಎರಡು ಸಾವಿರದ ಮಳೆಗಾಲ. ಕುರಿಯ ಉಣ್ಣೆ ತೆಗೆಯುವಾಗ ಕತ್ತರಿ ಅಂಗೈಗೆ ಹೊಕ್ಕಿತು. ಅರಿಶಿನ ಮೆತ್ತಿ, ಹಳೇ ಸೀರೆಯ ಚೂರು ಬಿಗಿದು ಮತ್ತೆ ದೊಡ್ಡಿಗೆ ನಡೆದಳು. ಕೈ ಬಾತು, ಕೆಂಪು ಮೊಣಕೈಗೇರಿ, ಮೈ ಕೆಂಡವಾಗಿ ನಡುಗುವಾಗಲೂ ಆರಾಮವೇ. ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಮಾಡಿ ಕಚೇರಿಯ ನೌಕರಿಯಲ್ಲಿದ್ದ ಮಗಳು ಶೀತಲ ಬಂದು ನೋಡಿ, ಬೈದು, ಅತ್ತು, ಜೀಪು ಹತ್ತಿಸಿ ಬೆಳಗಾವಿಯ ದವಾಖಾನೆಗೆ ತಂದಳು.

ತುರ್ತು ವಿಭಾಗದ ತುಂಬ ಆಗಷ್ಟೇ ಉರುಳಿದ ಟೆಂಪೋದ ಗಾಯಾಳುಗಳು. ಇದ್ದವನೊಬ್ಬನೇ ಎಳೆಯ ಡಾಕ್ಟರು, ಮಧುಕರ.

“ಹೆಂಗದೀರಿ ಅವ್ವಾರ?”

“ನಾ ಆರಾಮ ಅದೀನಿ ತಮ್ಮಾ. ಅಲ್ಲಿ ಹೊಯ್ಕೊಳ್ಳಾಕತ್ತಾರಲ್ಲ, ಮೊದಲ ಅವರನ್ನ ನೋಡ್ಹೋಗು.”

“ಸುಳ್ಳ ಹೇಳ್ತಾಳ್ರೀ ಸರ್! ಮೈ ಕಾದ ಹಂಚಾಗಿತ್ರಿ” ಎಂದಳು ಶೀತಲ.

“ನೀ ಸುಮ್ನಿರ. ಕಚೇರ್ಯಾಗ ದಬಾಯಿಸಿದಂಗ ಇಲ್ಲಿ ದಬಾಯಿಸಬ್ಯಾಡ.”

ಮಧುಕರ ನಕ್ಕ. ಮಾತಾಡುವ ರೋಗಿ ಕಾಯಬಲ್ಲಳು, ಕಿರುಚುವವನು ಕಾಯಲಾರ. ಅದು ಆ ಕೋಣೆಯ ಕಾನೂನು. ಬಿಪಿ ನೋಡದೆಯೇ ಅತ್ತ ಓಡಿದ.

ಬೆಂಚಿನ ಮೇಲೆ ಶೀತಲ ತಾಯಿಯ ಕೈ ಹಿಡಿದಳು. ತಣ್ಣಗಿತ್ತು. ಪಾದ ಮುಟ್ಟಿದಳು, ಅದೂ ತಣ್ಣಗೆ. ಅವಳಿಗೆ ಹೋದ ಜೀವ ಬಂದಂತಾಯಿತು. “ಜ್ವರ ಇಳೀತು ಯವ್ವಾ!” ಉಸಿರು ಮಾತ್ರ ಏದುತ್ತಿತ್ತು; ದಣಿವೆಂದುಕೊಂಡಳು. ನಮ್ಮ ಸೀಮೆಯಲ್ಲಿ ಮೈ ತಣ್ಣಗಾಯಿತೆಂದರೆ ಹರಕೆ ಫಲಿಸಿತೆಂದೇ ಅರ್ಥ. ನಂಜು ರಕ್ತಕ್ಕೇರಿ ನಾಡಿ ಕುಸಿದಾಗಲೂ ಕೈಕಾಲು ಹೀಗೆಯೇ ತಣ್ಣಗಾಗುತ್ತವೆಂದು ಆ ಹುಡುಗಿಗೆ ಯಾರು ಹೇಳಿದ್ದರು?

“ಅಕ್ಕಾ,” ಸಿದ್ದಕ್ಕ ಮಗಳ ಮುಖ ನೋಡಿ, ಗುರುತು ಹತ್ತದವಳಂತೆ ಅಂದಳು, “ಕುರಿ ಮಳ್ಯಾಗ ನಿಂತಾವ, ಒಳಗ ಹೊಡಿ.”

ಶೀತಲ ಚೀರಿದಳು.

ಮಧುಕರ ಓಡಿಬಂದು ತೋಳಿಗೆ ಪಟ್ಟಿ ಸುತ್ತಿದ, ಮತ್ತೆ ಸುತ್ತಿದ. “ಬಿಪಿ ಸಿಗವಲ್ದು! ಸಲಾಯಿನ್ ತರ್ರಿ!” ಸೂಜಿ, ಔಷಧಿ, ಆಮ್ಲಜನಕ, ಗೊತ್ತಿದ್ದುದನ್ನೆಲ್ಲ ಮಾಡಿದ, ಆದರೆ ನಂಜು ಅವನಿಗಿಂತ ಬಹಳ ಮುಂದಿತ್ತು. “ಅವ್ವಾ, ಎಲ್ಲಿ ತ್ರಾಸ ಆಗಾಕತ್ತೈತಿ? ಒಂದ ಸಲ ಹೇಳ್ರಿ” ಎಂದು ಬಗ್ಗಿ ಅಂಗಲಾಚಿದ. ತುಟಿ ಅಲುಗಿತು. ದನಿ ಹೊರಡಲಿಲ್ಲವಾದರೂ ಏನೆಂದಳೆಂಬುದು ಇಬ್ಬರಿಗೂ ತಿಳಿಯಿತು. ಅದಾದ ಮೇಲೆ ಅವಳು ಕಣ್ಣು ತೆರೆಯಲಿಲ್ಲ.

ಇಂಥ ಹೆಂಗಸರನ್ನು ಮನೆಗಳೂ ಹೊಗಳಿವೆ, ಚಳವಳಿಗಳೂ ಹೊಗಳಿವೆ, ಹೊಗಳಿಕೆ ಪುಕ್ಕಟೆ. ಅವರ ನೋವು ಯಾರ ಕೆಲಸಕ್ಕೂ ಅಡ್ಡ ಬರುವುದಿಲ್ಲ, ಅದಕ್ಕೇ ಅವರು ನಮಗೆ ದೊಡ್ಡವರು. ಹುಟ್ಟಿದಂದಿನಿಂದ ಎಷ್ಟು ಕೂಗಿದರೂ ಯಾರೂ ತಿರುಗಿ ನೋಡದ ಜೀವ ಒಂದು ದಿನ ಕೂಗುವುದನ್ನೇ ಬಿಡುತ್ತದೆ. ಆ ಮೌನಕ್ಕೆ ಸಹನೆಯೆಂದು ಹೆಸರಿಟ್ಟು, ಹಾರ ಹಾಕಿ, ನಾವು ಮಣ್ಣು ಮುಚ್ಚುತ್ತೇವೆ.