ಹತ್ತನೆಯವರು

ಗಿರಣಿ ಕೆಲಸಕ್ಕೆಂದು ಕೊಂಕಣದಿಂದ ಗೋಕಾಕಕ್ಕೆ ಬಂದ ಯಹೂದಿಗಳಲ್ಲಿ ಈಗ ಊರಲ್ಲಿ ಉಳಿದಿರುವುದು ಮೋಝೆಲ್ ತಳಕರರ ಮನೆಯೊಂದೇ. ಆ ಮನೆಯ ಮುಂದಿನ ಕೋಣೆಯೇ ಸುತ್ತಮುತ್ತಲ ಊರಿನ ಯಹೂದಿಗಳಿಗೆಲ್ಲ ಸಿನಗಾಗ್, ಎಂದರೆ ಪ್ರಾರ್ಥನೆಯ ಮನೆ. ಗೋಡೆಯ ಕಪಾಟಿನಲ್ಲಿ ಮಖಮಲ್ಲು ಹೊದಿಸಿದ ಧರ್ಮಗ್ರಂಥ ತೋರಾದ ಸುರುಳಿ, ಅದರ ಮುಂದೊಂದು ಎಣ್ಣೆಯ ದೀಪ, ನಾಲ್ಕು ಬೆಂಚು. ಶನಿವಾರ ಒಲೆ ಹಚ್ಚದ ಈ ಮನೆಗೆ ಓಣಿಯವರು ‘ಶನಿವಾರದವರ ಮನಿ’ ಎನ್ನುತ್ತಾರೆ. ಮೋಝೆಲ್‌ರ ಗಂಡ ದಾವೀದ ಮೂವತ್ತು ವರ್ಷ ಆ ಕೋಣೆಯನ್ನು ನಡೆಸಿದರು. ಹಬ್ಬಕ್ಕೆ ಬಂದವರಿಗೆ ಪ್ರಾರ್ಥನೆ ನಡೆಸಿಕೊಡುತ್ತಿದ್ದರು, ಮಕ್ಕಳಿಗೆ ಹೀಬ್ರೂ ಅಕ್ಷರ ತಿದ್ದಿಸುತ್ತಿದ್ದರು. ಹೋದ ವರ್ಷ ಜನವರಿಯಲ್ಲಿ ತೀರಿಕೊಂಡರು.

ಈ ಜನವರಿಯ ಒಂದು ಭಾನುವಾರ ಅವರ ವರ್ಷದ ಪ್ರಾರ್ಥನೆ. ಸತ್ತವರ ಹೆಸರಿನಲ್ಲಿ ಕದ್ದೀಶ್ ಪ್ರಾರ್ಥನೆ ಹೇಳಬೇಕಾದರೆ ಹತ್ತು ಜನ ಗಂಡಸರು ಕೂಡಬೇಕು. ಮೋಝೆಲ್ ತಿಂಗಳಿನಿಂದ ಫೋನ್ ಮಾಡಿ ಮಾಡಿ ಹತ್ತು ಜನರನ್ನು ಒಪ್ಪಿಸಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಒಂಬತ್ತು ಜನ ಬಂದು ಬೆಂಚಿನ ಮೇಲೆ ಕುಳಿತರು. ಕೊಲ್ಹಾಪುರದವರೊಬ್ಬರು ಮಾತ್ರ ಜ್ವರ ಬಂದಿದೆಯೆಂದು ಫೋನ್ ಮಾಡಿದರು.

ಪಕ್ಕದ ಮನೆಯ ಬಸವಲಿಂಗ ಕುರ್ಚಿ ತಂದುಕೊಡುತ್ತಿದ್ದವನು ಇದನ್ನು ಕೇಳಿಸಿಕೊಂಡ. “ನಾ ಕುಂದರ್ಲೇನ್ರಿ ಸಿಸ್ಟರ್? ಟೊಪ್ಪಿಗಿ ಹಾಕ್ಕೋತೇನಿ.” ಮೋಝೆಲ್ ದವಾಖಾನೆಯಲ್ಲಿ ನರ್ಸ್ ಆಗಿದ್ದರಿಂದ ಓಣಿಗೆಲ್ಲ ಸಿಸ್ಟರ್.

“ಹಂಗ ಬರೂದಿಲ್ಲಪಾ,” ಎಂದರು ಸಂಕೇಶ್ವರದ ಎಲಿಜಾ ಕಾಕಾ. ಬಂದವರಲ್ಲಿ ಅವರೇ ಹಿರಿಯರು. “ನಮ್ಮವರ ಆಗಬೇಕು. ಇಲ್ಲಾಂದ್ರ ನಿನಗಿಂತ ಬೇಕಾದವ್ರು ಯಾರದಾರು?”

ಹತ್ತನೆಯವನೊಬ್ಬ ಹುಕ್ಕೇರಿಯಲ್ಲಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ದಾವೀದರ ಸ್ವಂತ ತಮ್ಮ ಶಾಲೋಮ. ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಐದು ವರ್ಷದ ಹಿಂದೆ ಅವನ ಮಗಳು ನೇತ್ರಾ ಕಲ್ಲೋಳಿಯ ಲಿಂಗಾಯತರ ಹುಡುಗ ಕಾಶಿನಾಥನನ್ನು ಮದುವೆಯಾದಳು. ಮರುವಾರ ದೀಪಕ್ಕೆ ಎಣ್ಣೆ ಹಾಕಲೆಂದು ಬಂದವಳನ್ನು ದಾವೀದ ಹೊಸ್ತಿಲಲ್ಲೇ ತಡೆದು ಕಳಿಸಿಬಿಟ್ಟಿದ್ದರು. ಅಂದಿನಿಂದ ಶಾಲೋಮ ಗೋಕಾಕಕ್ಕೆ ಬಂದಿರಲಿಲ್ಲ. ಅಣ್ಣನ ಮಣ್ಣಿಗೂ ಬಂದಿರಲಿಲ್ಲ.

ಮೋಝೆಲ್ ಗಡಿಯಾರ ನೋಡಿದರು. ಸೂರ್ಯ ಮುಳುಗುವುದರೊಳಗೆ ಪ್ರಾರ್ಥನೆ ಆಗಬೇಕು. “ಬಸವಲಿಂಗಾ, ಗಾಡಿ ತಗಿ. ಹುಕ್ಕೇರಿಗಿ ಹೋಗೂಣು.”

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಹುಕ್ಕೇರಿ ತಲುಪಿದಾಗ ಮೂರೂವರೆ ದಾಟಿತ್ತು. ಶಾಲೋಮ ತನ್ನ ರೇಡಿಯೋ, ಟೀವಿ ರಿಪೇರಿ ಅಂಗಡಿಯ ಹಿಂದಿನ ಮನೆಯಲ್ಲಿ ಮೊಮ್ಮಗಳಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದ. ತವರಿಗೆ ಬಂದಿದ್ದ ನೇತ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಬರ್ರಿ ವೈನಿ,” ಎಂದ ಶಾಲೋಮ. ವಿಷಯ ತಿಳಿದ ಮೇಲೆ ಮುಖ ಬಿಗಿಯಾಯಿತು. “ಒಬ್ಬಾಂವ ಕಮ್ಮಿ ಬಿದ್ದ ಅಂತ ನನ್ನ ನೆನಪಾತೇನ್ರಿ?”

“ಹೌದು. ಸುಳ್ಳ್ಯಾಕ ಹೇಳ್ಲಿ?” ಎಂದರು ಮೋಝೆಲ್. “ಖರೆ ಅಂದ್ರ ಇದಕ್ಕಿಂತ ಮೊದ್ಲ ಬರಬೇಕಾಗಿತ್ತು. ಅಂಜಿಕಿ ಬಂತು.”

“ನನ್ನ ಮಗಳನ್ನ ಹೊರಗ ನಿಲ್ಲಿಸಿದ್ರು ಅಣ್ಣ.”

“ಅವರಷ್ಟ ಅಲ್ಲ. ನಾನೂ ಅಲ್ಲೇ ಇದ್ದೆ, ಅವರ ಹಿಂದ. ಅಕಿ ಕೈಯಾಗಿನ ಎಣ್ಣಿ ಬಾಟ್ಲಿ ನೋಡಿದೆ. ಒಳಗ ಬಾ ಅನ್ನಬಹುದಿತ್ತು, ಅನ್ನಲಿಲ್ಲ.” ಮೋಝೆಲ್ ನೇತ್ರಾಳ ಕಡೆ ತಿರುಗಿದರು. “ತಪ್ಪಾತವಾ. ಐದು ವರ್ಷ ಇದನ್ನ ಒಬ್ಬಾಕಿನ ಮನಸ್ಸಿನ್ಯಾಗ ಇಟಕೊಂಡೇನಿ.”

ನೇತ್ರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ದೊಡ್ಡವ್ವ, ಅವತ್ತ ಬಸ್ಸಿನ್ಯಾಗ ಮನಿ ಮುಟ್ಟೂತನಾ ಅತ್ತೇನಿ,” ಎಂದಳು. “ಮರ್ತೇನಿ ಅಂತ ಹೇಳಾಕ ಆಗೂದಿಲ್ಲ. ಆದ್ರ ದೊಡ್ಡಪ್ಪನ ನನಗ ಅಕ್ಷರ ಕಲಿಸಿದ್ರು. ಅಪ್ಪಾ, ನೀವು ಹೋಗ್ರಿ.”

“ನೀ ಬರೂದಿದ್ರ ಹೋಗ್ತೇನಿ,” ಎಂದ ಶಾಲೋಮ. “ಒಳಗ ಕುಂದರೂದಿದ್ರ.”

“ಅಕೀನ್ನೂ ಕರಿಯಾಕನ ಬಂದೇನಿ,” ಎಂದರು ಮೋಝೆಲ್.

ಅವರು ಗೋಕಾಕ ಮುಟ್ಟಿದಾಗ ಬಿಸಿಲು ಗುಡ್ಡದ ನೆತ್ತಿಗೆ ಹತ್ತಿತ್ತು. ಶಾಲೋಮ ಚಪ್ಪಲಿ ಬಿಟ್ಟು ಒಳಗೆ ಹೋದ. ನೇತ್ರಾ ಮಗುವನ್ನೆತ್ತಿಕೊಂಡು ಹೊಸ್ತಿಲ ಬಳಿ ನಿಂತುಬಿಟ್ಟಳು. ಮೋಝೆಲ್ ಅವಳ ರಟ್ಟೆ ಹಿಡಿದರು. ಇಬ್ಬರೂ ಒಟ್ಟಿಗೆ ಒಳಗೆ ಬಂದರು. ಒಂದಿಬ್ಬರು ಎಲಿಜಾ ಕಾಕಾರ ಮುಖ ನೋಡಿದರು. ಕಾಕಾ ಹೆಂಗಸರ ಬೆಂಚಿನ ಮೇಲಿದ್ದ ತಮ್ಮ ಚೀಲವನ್ನು ತೆಗೆದು ಕೆಳಗಿಟ್ಟು ಜಾಗ ಮಾಡಿದರು.

ಮಕ್ಕಳಿಲ್ಲದ ದಾವೀದರಿಗೆ ಕದ್ದೀಶ್ ಹೇಳಬೇಕಾದವನು ತಮ್ಮನೇ. ಶಾಲೋಮ ಪುಸ್ತಕ ಹಿಡಿದು ನಿಂತ. ಮೊದಲ ಸಾಲು ಗಟ್ಟಿಯಾಗಿ ಹೇಳಿದ. ನಡುವೆ ಸಾಲು ತಪ್ಪಿತು, ಬೆರಳಿಟ್ಟು ಹುಡುಕಿದ. ಉಳಿದ ಒಂಬತ್ತು ಜನ ಅವಸರ ಮಾಡಲಿಲ್ಲ. ಕಣ್ಣೊರೆಸಿಕೊಂಡು ಅವನು ಮುಗಿಸಿದಾಗ ಎಲ್ಲರೂ ಆಮೇನ್ ಎಂದರು. ಹಿಂದಿನ ಬೆಂಚಿನಿಂದ ನೇತ್ರಾಳ ದನಿಯೂ ಕೇಳಿಸಿತು. ಮೋಝೆಲ್‌ಗೆ ವರ್ಷವೆಲ್ಲ ಬಾರದಿದ್ದ ಅಳು ಆಗ ಬಂತು.

ಖರ್ಜೂರ, ಹಣ್ಣು ಹಂಚುವಾಗ ಎಲಿಜಾ ಕಾಕಾ ಮಗುವಿನ ಗಲ್ಲ ಮುಟ್ಟಿದರು. “ಹೆಸರೇನ ಇದರದು?”

“ಕಾಜಲ್‌ರೀ.”

“ಇದರ ಹೆಸರ್ಲೆ ಮಲಿದಾ ಮಾಡೀರೇನು?” ಸಂತೋಷದ ಕಾರ್ಯಕ್ಕೆ ಅವಲಕ್ಕಿ, ಬೆಲ್ಲ, ಕೊಬ್ಬರಿ ಕಲಸಿಟ್ಟು ದೇವರಿಗೆ ಉಪಕಾರ ಹೇಳುವುದೇ ಮಲಿದಾ.

“ಯಾರು ಮಾಡೋರ್ರಿ?” ಎಂದಳು ನೇತ್ರಾ.

“ತಾಯಿ ನಮ್ಮಾಕಿ ಅಂದಮ್ಯಾಲ ಕೂಸೂ ನಮ್ಮದ. ಇದನ್ನ ಅವತ್ತ ದಾವೀದಗ ಹೇಳಬೇಕಿತ್ತು. ಹೇಳಾಕ ನನಗೂ ಧೈರ್ಯ ಆಗ್ಲಿಲ್ಲ. ಬರೂ ತಿಂಗಳ ಮಾಡೂಣು.”

“ಮನ್ಯಾಗ ಅವರನ್ನ ಕೇಳ್ತೇನ್ರಿ.”

“ಅವರನ್ನೂ ಕರಕೊಂಡು ಬಾ,” ಎಂದರು ಮೋಝೆಲ್.

ಫೆಬ್ರವರಿಯಲ್ಲಿ ಮಲಿದಾ ನಡೆಯಿತು. ಕಾಶಿನಾಥ ಬಂದ, ಅವನ ತಾಯಿ ಚನ್ನವ್ವನೂ ಹಣೆಯ ವಿಭೂತಿ, ಕೊರಳ ಲಿಂಗದೊಂದಿಗೆ ಕಲ್ಲೋಳಿಯಿಂದ ಬಂದರು. ಬೆಲ್ಲ ಕಮ್ಮಿಯಾಗಿದೆಯೆಂದು ಹೇಳಿ, ತೋಳೇರಿಸಿ, ಮೋಝೆಲ್‌ರ ಜೊತೆ ಅವಲಕ್ಕಿ ಕಲಸುವ ಪರಾತದ ಮುಂದೆ ಕುಳಿತರು.