ಕುದುರೆಯ ಬಿಲ್ಲೆ

ನಾನು ಇಂಗ್ಲೆಂಡಿನ ರಾಲ್ಫ್ ದೊರೆಯ ಬೆಳ್ಳಿ ಮೊಹರು. ಮೊಹರು ಅಂದರೆ ಒಂದಲ್ಲ, ಎರಡು ಬಿಲ್ಲೆ. ಒಂದರಲ್ಲಿ ದೊರೆ ಸಿಂಹಾಸನದ ಮೇಲೆ ಕೂತಿದ್ದಾನೆ, ಇನ್ನೊಂದರಲ್ಲಿ ಕುದುರೆ ಏರಿದ್ದಾನೆ. ನಡುವೆ ಬಿಸಿ ಮೇಣ ಇಟ್ಟು ಎರಡನ್ನೂ ಕೂಡಿಸಿ ಒತ್ತಬೇಕು. ಎರಡು ಮುಖವೂ ಮೂಡಿದರೆ ರಾಜಾಜ್ಞೆ, ಒಂದೇ ಮೂಡಿದರೆ ಬರೀ ಮೇಣ.

ನನ್ನನ್ನು ಕೆತ್ತಿದ ಅಕ್ಕಸಾಲಿಗ ದೊರೆಗೆ ಉದ್ದ ಗಡ್ಡ ಇಟ್ಟುಬಿಟ್ಟ. ಪಟ್ಟಕ್ಕೆ ಬಂದವನೋ ಆರು ವರ್ಷದ ಪೋರ! "ಈ ತಾತ ಯಾರು?" ಎಂದು ನನ್ನನ್ನು ನೋಡಿ ನಕ್ಕ. "ನೀನೇ ಕಣಪ್ಪ, ದೊಡ್ಡವನಾದ ಮೇಲೆ" ಅಂದಳು ಅವನ ಸಾಕುತಾಯಿ ಎಡಿತ್. ಅವನಿಗೆ ಸಿಂಹಾಸನ ಬೇಡ, ಕುದುರೆ ಬೇಕು. ಎಡಿತ್ ರೊಟ್ಟಿಯ ಹಿಟ್ಟಿನ ಮೇಲೆ ಕುದುರೆಯ ಬಿಲ್ಲೆ ಒತ್ತಿ, ಸುಟ್ಟು ಕೊಟ್ಟಳು. ಅವನು ಮೊದಲು ಬಾಲ ಕಚ್ಚಿದ. ಮೈಗೆಲ್ಲ ಹಿಟ್ಟು ಮೆತ್ತಿಕೊಂಡ ಆ ದಿನ ನನಗೆ ಎಷ್ಟು ಖುಷಿ!

ಆಮೇಲೆ ದೊರೆಯ ಚಿಕ್ಕಪ್ಪ ರೋಜರ್ ನನ್ನನ್ನು ಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡ. ಆಳಿದ್ದೆಲ್ಲ ಅವನೇ. ಅವನು ಒತ್ತಿದಲ್ಲಿ ನಾನು ಮೂಡಬೇಕು. ಯಾರದೋ ಹೊಲ ಹೋಯಿತು, ಯಾರದೋ ತಲೆ ಹೋಯಿತು. ಬೇಡ ಅನ್ನಲು ನನಗೆ ಬಾಯಿ ಎಲ್ಲಿದೆ? ಗಡ್ಡ ಮಾತ್ರ ಇದೆ.

ದೊರೆಗೆ ಹದಿನಾರು ತುಂಬಿದಾಗ ಎಡಿತ್, "ಇನ್ನು ಮೊಹರು ನಿನ್ನ ಕೈಗೆ ತಗೋ ಮಗಾ" ಎಂದಳು. ಅದು ರೋಜರನ ಕಿವಿಗೆ ಬಿತ್ತು. ರಾಜಮುದ್ರೆಯನ್ನು ಹಿಟ್ಟಿಗೆ ಒತ್ತಿದ ಹಳೆಯ ಸಂಗತಿ ಕೆದಕಿ, ರಾಜದ್ರೋಹ ಎಂದು ಅವಳಿಗೆ ಗಲ್ಲು ಬರೆಸಿದ. ಅದಕ್ಕೂ ನನ್ನನ್ನೇ ಒತ್ತಿದ, ಹಾಳಾದವನು.

ಗಲ್ಲಿನ ಬೆಳಿಗ್ಗೆ ದೊರೆ ಸೆರೆಮನೆಗೆ ಓಡಿ, "ಬಿಡಿ ಅವಳನ್ನ! ದೊರೆ ಹೇಳ್ತಿದ್ದೀನಿ!" ಎಂದು ಕೂಗಿದನಂತೆ. ಕಾವಲಿನ ಯಜಮಾನ ತಲೆ ತಗ್ಗಿಸಿ, "ಮೊಹರಿಲ್ಲದೆ ಬಿಟ್ಟರೆ ರೋಜರ್ ಪ್ರಭು ನನ್ನ ಚರ್ಮ ಸುಲೀತಾರೆ, ಒಡೆಯಾ" ಎಂದನಂತೆ. ದೊರೆ ಏದುಸಿರು ಬಿಡುತ್ತ ಅರಮನೆಗೆ ಬಂದ. ಚಿಕ್ಕಪ್ಪ ಸ್ನಾನಕ್ಕೆ ಇಳಿದಿದ್ದ. ಅವನ ಬಟ್ಟೆಯ ಮೇಲಿದ್ದ ಚೀಲದಿಂದ ನನ್ನನ್ನು ಕಿತ್ತುಕೊಂಡು, ಕ್ಷಮಾಪತ್ರ ಗೀಚಿ, ಮೇಣ ಸುರಿದ. ಇಷ್ಟು ವರ್ಷ ಪಟ್ಟದಲ್ಲಿದ್ದರೂ ಮೊಹರು ಒತ್ತುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನು ಕಂಡದ್ದು ಎಡಿತ್ ರೊಟ್ಟಿಗೆ ಒತ್ತಿದ್ದನ್ನು ಮಾತ್ರ. ಹಾಗೇ ಕುದುರೆಯ ಬಿಲ್ಲೆಯೊಂದನ್ನೇ ಒತ್ತಿ ಓಡಿದ. ಅಯ್ಯೋ, ಸಿಂಹಾಸನ ಎಲ್ಲಿ ಮಗುವೇ! ಮೇಜಿನ ಮೇಲೆ ಬಿದ್ದುಕೊಂಡು ಒಳಗೊಳಗೇ ಕೂಗಿದೆ.

ಯಜಮಾನ ಪತ್ರವನ್ನು ತಿರುಗಿಸಿ ನೋಡಿ, "ಒಂದೇ ಮುಖ ಇದೆ ಒಡೆಯಾ" ಎಂದು ವಾಪಸ್ ಕೊಟ್ಟನಂತೆ. ದೊರೆ ಮತ್ತೆ ಬಂದು ನನ್ನನ್ನು ಎತ್ತಿಕೊಳ್ಳುವಷ್ಟರಲ್ಲಿ ಗಲ್ಲಿನ ಗಂಟೆ ಬಾರಿಸಿತು. ಅವನು ನನ್ನನ್ನು ಮೆಲ್ಲಗೆ ಕೆಳಗಿಟ್ಟ.

ಮುಂದೆಂದೂ ಅವನು ನನ್ನನ್ನು ಕೇಳಲಿಲ್ಲ. ಗಡ್ಡ ಸರಿಯಾಗಿ ಮೂಡುವ ಮೊದಲೇ ಜ್ವರದಲ್ಲಿ ತೀರಿಕೊಂಡ. ದೊರೆ ಸತ್ತರೆ ಅವನ ಮೊಹರನ್ನೂ ಒಡೆಯುವುದು ಪದ್ಧತಿ. ಕೆತ್ತಿದ ಅಕ್ಕಸಾಲಿಗನೇ ಸುತ್ತಿಗೆ ಎತ್ತಿದ. ಈಗ ನನ್ನ ಚೂರುಗಳು ಅವನ ಅಂಗಡಿಯ ಮೂಲೆಯ ಮಡಕೆಯಲ್ಲಿ ಕರಗುವ ಸರದಿ ಕಾಯುತ್ತಿವೆ. ಪಕ್ಕದಲ್ಲೇ ರೋಜರ್ ದೊರೆಯ ಹೊಸ ಮೊಹರು ಸಿದ್ಧವಾಗುತ್ತಿದೆ.

ಅಂಗಡಿಗೆ ಬಂದವರು ಆಡಿಕೊಳ್ಳುವುದು ಕೇಳಿಸಿತು. ಸಾಯುವಾಗ ದೊರೆಯ ಮುಷ್ಟಿಯಲ್ಲಿ ಕುದುರೆ ಮೂಡಿದ ಮೇಣದ ತುಂಡೊಂದಿತ್ತಂತೆ, ಬೆರಳು ಬಿಡಿಸಲಾಗದೆ ಹಾಗೇ ಹೂಳಿದರಂತೆ. ಅವನು ತನ್ನ ಕೈಯಾರೆ ಒತ್ತಿದ್ದು ಅದೊಂದೇ. ನಾನು ಮೂಡಿದ್ದರಲ್ಲಿ ನಡೆಯದೆ ಹೋದದ್ದೂ ಅದೊಂದೇ.