ಸುಣ್ಣಕ್ಕೆ ಮುಂಚೆ

"ಈ ಗೋಡೆ ಗುರುತು ಸಿಗುತ್ತಾ ಅಜ್ಜ?" ಎಂದು ಹುಡುಗಿ ಕಂಪ್ಯೂಟರಿನ ಪರದೆಯನ್ನು ಸುಣ್ಣದ ಮೇಸ್ತ್ರಿಯ ಕಡೆಗೆ ತಿರುಗಿಸಿದಳು. ಪರದೆಯ ಮೇಲಿದ್ದದ್ದು ಒಂದು ಕೈ, ಅದರ ಕೆಳಗೆ ನೀರಿನ ಕೊಡದ ಕಂಠ. ಅಷ್ಟೇ. ಅಷ್ಟೇ ಸಾಕಾಗಿತ್ತು.

ವಿಶ್ವವಿದ್ಯಾಲಯದಿಂದ ಫೋನು ಬಂದ ದಿನದಿಂದಲೂ ಅವನಿಗೆ ಅಳುಕು. ಹಳೆಯ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ವಿಭಾಗವಂತೆ, ವಿದ್ಯಾರ್ಥಿಗಳ ಊಟದ ಹಾಲಿನ ಗೋಡೆಯ ವಿಷಯ ಕೇಳಬೇಕಂತೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಹಾಗೆ ಯಾಕಾಡ್ತೀರಿ? ನೀವೇನು ಯಾರ ಮನೆಗಾದ್ರೂ ಬೆಂಕಿ ಇಟ್ಟಿದ್ದೀರಾ?" ಎಂದು ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೈಗಿತ್ತು ಕಳಿಸಿದ್ದಳು. ಆ ಗೋಡೆಯ ಕಥೆ ಅವಳಿಗೆ ಗೊತ್ತಿರಲಿಲ್ಲ. ಅವನು ಯಾರಿಗೂ ಹೇಳಿರಲಿಲ್ಲ.

ಮೂವತ್ತೆಂಟು ವರ್ಷದ ಹಿಂದಿನ ಮಾತು. ಕಲಾ ವಿಭಾಗದ ನಾಲ್ವರು ವಿದ್ಯಾರ್ಥಿಗಳು ಇಡೀ ಒಂದು ಬೇಸಿಗೆ ರಜೆ ಕಳೆದು ಊಟದ ಹಾಲಿನ ಉದ್ದದ ಗೋಡೆಗೆ ಚಿತ್ರ ಬರೆದಿದ್ದರು. ದೇವರಲ್ಲ, ದೊಡ್ಡ ಮನುಷ್ಯರಲ್ಲ. ಅದೇ ಊಟದ ಹಾಲಿನಲ್ಲಿ ಪಾತ್ರೆ ತೊಳೆಯುವವರು, ನೀರು ಹೊರುವವರು, ತಟ್ಟೆ ಹಿಡಿದು ಸಾಲಿನಲ್ಲಿ ಆಕಳಿಸುವವರು. ಅದೇ ವರ್ಷ ಯಾರೋ ಗಣ್ಯರು ಬರುವವರಿದ್ದರು. ಮೇಲಿನವರಿಗೆ ಆ ಗೋಡೆ ಕಣ್ಣಿಗೆ ಚುಚ್ಚಿತು. ಬೆಳ್ಳಗೆ ಮಾಡು ಎಂದು ಅಪ್ಪಣೆಯಾಯಿತು.

ಏಣಿ ಒರಗಿಸಿ ನಿಂತ ಮೇಸ್ತ್ರಿಗೆ ಅಂದು ಕೈ ಏಳಲಿಲ್ಲ. ಪಾತ್ರೆ ತೊಳೆಯುವ ಹೆಂಗಸೊಬ್ಬಳು ಗೋಡೆಯೊಳಗಿಂದ ಅವನನ್ನೇ ನೋಡುತ್ತಿದ್ದಳು. "ಗೋಡೆ ಹಸಿ ಇದೆ ಸ್ವಾಮಿ, ಇವತ್ತು ಬಳಿದ್ರೆ ಚಕ್ಕೆ ಏಳುತ್ತೆ" ಎಂದು ಉಸ್ತುವಾರಿಯವನಿಗೆ ಸುಳ್ಳು ಹೇಳಿ, ನೆಟ್ಟಗೆ ವಿಶ್ವವಿದ್ಯಾಲಯದ ಫೋಟೋದವನ ಕೋಣೆಗೆ ಹೋಗಿ, ಸುಣ್ಣ ಬೀಳುವ ಮುಂಚೆ ಗೋಡೆಯ ಫೋಟೋ ತೆಗೆಯಿರಿ ಎಂದು ಬಾಗಿಲಲ್ಲಿ ನಿಂತು ಬೇಡಿಕೊಂಡ. ಪದವಿ ಪ್ರದಾನದ ದಿನ ಎಲ್ಲರನ್ನೂ ಗದರಿಸಿ ಸಾಲಾಗಿ ನಿಲ್ಲಿಸುತ್ತಿದ್ದ ಮುಂಗೋಪಿ ಅವನು. ಏನೂ ಕೇಳದೆ ಕ್ಯಾಮೆರಾ ಹೆಗಲಿಗೇರಿಸಿ ಬಂದ. ಮರುದಿನ ಮೇಸ್ತ್ರಿ ಸುಣ್ಣ ಕಲಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಧ್ಯಾಹ್ನದ ಊಟದ ಹೊತ್ತಿಗೆ ಗೋಡೆ ಬೆಳ್ಳಗಾಗಿತ್ತು. ಆಮೇಲೆ ಅವನು ಬಳಿದ ಗೋಡೆಗಳಿಗೆ ಲೆಕ್ಕವಿಲ್ಲ, ಒಂದೂ ನೆನಪಿಲ್ಲ. ಅದೊಂದು ಮಾತ್ರ ಕಣ್ಣು ಮುಚ್ಚಿದರೆ ಎದ್ದು ಬರುತ್ತಿತ್ತು.

"ಗುರುತು ಸಿಗದೆ ಏನು ತಾಯಿ, ಬಳಿದು ಮುಚ್ಚಿದ್ದು ನಾನೇ," ಎಂದ. ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಇನ್ನು ಬೈದರೆ ಬೈಯಲಿ.

"ಅದಕ್ಕೇ ನಿಮ್ಮನ್ನ ಹುಡುಕಿದ್ದು," ಎಂದಳು ಹುಡುಗಿ. "ಈ ಗೋಡೆಯ ಮೂವತ್ತೊಂದು ಫೋಟೋ ಸ್ಲೈಡ್ ಸಿಕ್ಕಿವೆ, ಒಂದೊಂದರಲ್ಲೂ ಒಂದೊಂದು ತುಂಡು. ಫೋಟೋ ತೆಗೆದವರು ತೀರಿಕೊಂಡಿದ್ದಾರೆ. ಡಬ್ಬಿ ಯಾವಾಗ್ಲೋ ಬಿದ್ದು ಎಲ್ಲಾ ಕಲಸಿಹೋಗಿದೆ. ಯಾವುದರ ಪಕ್ಕ ಯಾವುದು ಅಂತ ಇವರಿಗೂ ಪೂರ್ತಿ ಗೊತ್ತಾಗ್ತಿಲ್ಲ."

'ಇವರು' ಎಂದದ್ದು ಯಾರಿಗೆಂದು ಮೇಸ್ತ್ರಿ ತಿರುಗಿದ. ಕಿಟಕಿಯ ಬಳಿ ಕುಳಿತಿದ್ದ, ತಲೆಯೆಲ್ಲ ನರೆತ ಹೆಂಗಸೊಬ್ಬಳು ಎದ್ದು ಬಂದಳು. ಚಿತ್ರ ಬರೆದ ಆ ನಾಲ್ವರಲ್ಲಿ ಒಬ್ಬಳು. "ನಾನು ಪೂರ್ತಿ ಮೇಲ್ಗಡೆ, ಅಟ್ಟಣಿಗೆ ಮೇಲೇ ನಿಂತು ಬರೀತಿದ್ದೆ," ಎಂದಳು. "ಕೆಳಗಡೆ ಬರೆದ ಇಬ್ಬರೂ ಹೋಗಿಬಿಟ್ರು. ಇನ್ನೊಬ್ಬ ಎಲ್ಲಿದ್ದಾನೋ. ನೀವು ಕೂತ್ಕೊಳ್ಳಿ ಮೇಸ್ತ್ರಿಗಳೇ."

ಮೇಸ್ತ್ರಿ ಕುರ್ಚಿಯ ತುದಿಯಲ್ಲಿ ಕುಳಿತ. ಮೊದಮೊದಲು ತಡವರಿಸಿದ. ಆಮೇಲೆ ಕಣ್ಣಿಗಿಂತ ಕೈಗೆ ಹೆಚ್ಚು ನೆನಪಿದೆ ಎಂದು ತಿಳಿಯಿತು. ಬ್ರಶ್ಶು ಹಿಡಿದವನಂತೆ ಬಲಗೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿ, "ಈ ಕೊಡದ ಎಡಕ್ಕೆ ಮುದುಕನ ಮೊಣಕಾಲು. ಅದರ ಕೆಳಗೆ ಈರುಳ್ಳಿ ಬುಟ್ಟಿ. ಬುಟ್ಟಿ ಆದ್ಮೇಲೆ ನಾಯಿ," ಎನ್ನುತ್ತ ಹೋದ. ಹುಡುಗಿ ಒಂದೊಂದೇ ತುಂಡನ್ನು ಎಳೆದು ಕೂಡಿಸುತ್ತ ಬಂದಳು.

"ನಾಯಿಗೆ ಐದು ಕಾಲು," ಎಂದ.

"ಇರಲಾರದು," ಎಂದಳು ಚಿತ್ರಗಾರ್ತಿ.

"ನಾನೇ ಎಣಿಸಿ ಬಳಿದಿದ್ದೀನಿ ಅಮ್ಮ."

ತುಂಡು ಸಿಕ್ಕಿತು. ಹುಡುಗಿ ಅದನ್ನು ದೊಡ್ಡದು ಮಾಡಿ ಎಣಿಸಿದಳು. ಐದು. ಚಿತ್ರಗಾರ್ತಿ ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕೆಳಗಡೆ ಬರೀತಿದ್ದನಲ್ಲ, ಅವನದೇ ಕೆಲಸ. ಕಾಲು ತಿದ್ದಿ ಬರೆದ, ಹಳೇದನ್ನ ಅಳಿಸೋಕೆ ಸೋಮಾರಿತನ. ನಾಳೆ ಅಳಿಸ್ತೀನಿ ಅಂತಿದ್ದ," ಎಂದಳು. ನಗು ನಿಂತ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು.

ಸಂಜೆ ನಾಲ್ಕರ ಹೊತ್ತಿಗೆ ಗೋಡೆಯ ಮುಕ್ಕಾಲು ಭಾಗ ಎದ್ದು ನಿಂತಿತು. ಟೀ ಬಂತು. ಮೇಸ್ತ್ರಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ಮೇಲೆ ನಿಮಗೆ ಕೋಪ ಇಲ್ವಾ ಅಮ್ಮ?" ಎಂದು ಕೇಳಿಯೇಬಿಟ್ಟ.

"ಇತ್ತು. ಆವತ್ತು ನಾನು ಬಾಗಿಲಲ್ಲಿ ನಿಂತು ನಿಮ್ಮ ಬೆನ್ನು ನೋಡಿದ್ದೆ. ಎಷ್ಟೋ ವರ್ಷ ಆ ಬೆನ್ನಿಗೆ ಹಿಡಿಶಾಪ ಹಾಕಿದ್ದೀನಿ." ಅವಳು ಮೇಜಿನ ಮೇಲಿದ್ದ ಹಳದಿ ಲಕೋಟೆಯನ್ನು ಅವನ ಮುಂದೆ ಸರಿಸಿದಳು. ಫೋಟೋದವನ ಅವಸರದ ಅಕ್ಷರ: ಊಟದ ಹಾಲು, ಸುಣ್ಣಕ್ಕೆ ಮುಂಚೆ. ಸುಣ್ಣದವನು ಬಂದು ಬೇಡಿಕೊಂಡದ್ದಕ್ಕೆ ತೆಗೆದದ್ದು.

"ಹೋದ ತಿಂಗಳು ಈ ಮಗು ಇದನ್ನ ಓದಿ ಹೇಳಿದ್ಲು. ಬೈದದ್ದನ್ನೆಲ್ಲ ವಾಪಸ್ ತಗೊಳ್ಳೋಣ ಅಂತ ಬಂದೆ," ಎಂದಳು. "ನಾವು ಬರೆದ್ವಿ ಅಷ್ಟೇ. ಉಳಿಸಿದ್ದು ನೀವು."

ಮೇಸ್ತ್ರಿಗೆ ಮೂವತ್ತೆಂಟು ವರ್ಷ ಹೆಗಲ ಮೇಲೆ ಹೊತ್ತಿದ್ದನ್ನು ಯಾರೋ ಹಿಂದಿನಿಂದ ಬಂದು ಮೆಲ್ಲಗೆ ಇಳಿಸಿದಂತಾಯಿತು. "ಟೀ ಆರುತ್ತೆ ಅಮ್ಮ, ಕುಡೀರಿ," ಎಂದಷ್ಟೇ ಅಂದ.

ಕೊನೆಯ ತುಂಡೂ ಕೂಡಿತು. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಜನವೋ ಜನ. ನಟ್ಟನಡುವೆ ಮಾತ್ರ ಒಂದು ಚೌಕ ಖಾಲಿ.

"ಒಂದು ಸ್ಲೈಡ್ ಕಳೆದುಹೋಗಿದೆ ಅನ್ಸುತ್ತೆ," ಎಂದು ಹುಡುಗಿ ಸಪ್ಪೆಯಾದಳು. "ಅಲ್ಲೇನಿತ್ತು ಅಜ್ಜ?"

"ಏನೂ ಕಳೆದಿಲ್ಲ ತಾಯಿ. ಅಲ್ಲಿ ಕಿಟಕಿ ಇತ್ತು. ನಿಜವಾದ ಕಿಟಕಿ. ನಾನು ಬಳಿಯೋವಾಗ ತೆರೆದೇ ಇತ್ತು."

ಹುಡುಗಿ ಚಿತ್ರಗಾರ್ತಿಯ ಮುಖ ನೋಡಿದಳು. ಅವಳು ಹೌದೆಂದು ತಲೆಯಾಡಿಸಿದಳು. ಹುಡುಗಿ ಚಿತ್ರದ ವಿವರದ ಕಾರ್ಡಿನಲ್ಲಿ 'ಕಿಟಕಿ' ಎಂದು ಬರೆದು, ಆ ಚೌಕವನ್ನು ಹಾಗೆಯೇ ಬಿಟ್ಟಳು. ಚಿತ್ರದಲ್ಲಿ ಅದರ ಎಡಬಲದಲ್ಲಿದ್ದವರೆಲ್ಲ ಬೆಳಕಿನತ್ತ ಸ್ವಲ್ಪ ಮುಖ ಹೊರಳಿಸಿ ನಿಂತಿದ್ದರು.